ನನ್ನ ಮೊಟ್ಟೆಗಳು ಕೊಳೆತಿರಲಿಲ್ಲ

ಕೋಳಿ ಸಾಕಣೆ ತರಬೇತಿ ಕೊಟ್ಟ ಅಧಿಕಾರಿಗಳಿಗೆ,

ಮಾನ್ಯರೇ, ನಿಮ್ಮ ಮಾತು ನಂಬಿ ನನ್ನ ಕೋಳಿಗಳಿಗೆ ಹತ್ತಿಕಾಳಿನ ಹಿಂಡಿ ಹಾಕಿದೆ. ಮೊಟ್ಟೆಯೊಳಗಿನ ಹಳದಿ ಹಸಿರಾಯಿತು. ನೀವೇ ಬಂದು ‘ಕೊಳೆತ ಮೊಟ್ಟೆ’ ಎಂದು ವರದಿ ಬರೆದು ಹೋದಿರಿ. ಬಿಸಿಯೂಟಕ್ಕೆ ನನ್ನಿಂದ ಮೊಟ್ಟೆ ಕೊಳ್ಳುತ್ತಿದ್ದ ಶಾಲೆಯವರು ಇನ್ನು ಬೇಡವೆಂದರು. ಈಗ ನಾನು ಮಕ್ಕಳಿಗೆ ಕೊಳೆತದ್ದು ತಿನ್ನಿಸಿದವಳು.

ತರಬೇತಿಯ ದಿನ ನೆನಪಿದೆಯೇ? ಸೋಯಾ ಹಿಂಡಿ ಸಿಗುತ್ತಿಲ್ಲ ಎಂದಾಗ ನೀವು ನಕ್ಕು, “ಮನ್ಯಾಗ ಹತ್ತಿಕಾಳ ಹಿಂಡಿ ಇಟಗೊಂಡು ಚಿಂತಿ ಯಾಕ್ರಿ? ಎಮ್ಮಿ ತಿಂದು ಗಟ್ಟಿ ಹಾಲು ಕೊಡತೈತಿ, ಕೋಳಿಗೇನ ಆಗತೈತಿ?” ಎಂದಿರಿ. ಎಮ್ಮೆ ಕಟ್ಟಿದ ಮನೆಯವಳಿಗೆ ಮಾತು ಸರಿ ಅನ್ನಿಸಿತು. ಎಮ್ಮೆಗೆ ನೆನೆಸುವ ಬಕೆಟ್ಟಿನಲ್ಲೇ ಇನ್ನಷ್ಟು ನೆನೆಸಿ, ಜೋಳದ ನುಚ್ಚಿಗೆ ಕಲಸಿ ಹಾಕಿದೆ. ಅಷ್ಟರ ಮಟ್ಟಿಗೆ ದಡ್ಡತನ ನನ್ನದೂ ಹೌದು. ಆದರೆ ನಾನು ಓದಿದ್ದು ಹತ್ತನೆಯ ಇಯತ್ತೆ. ತಾವು ಓದಿದ್ದು ಪಶುವಿಜ್ಞಾನವಂತೆ!

ಮನೆಯಲ್ಲಿ ಅಂದಂದಿನ ಮೊಟ್ಟೆ ತಿಂದೆವು, ಹಳದಿ ಹಳದಿಯಾಗಿಯೇ ಇತ್ತು. ದಸರೆ ರಜೆಯಲ್ಲಿ ಶಾಲೆಯಲ್ಲಿ ಉಳಿದವು ಮಾತ್ರ ಹಸಿರಾದವು. ಅಡುಗೆಯ ರಹಿಮಾಬಿ ಬೇಯಿಸಿದ ಮೊಟ್ಟೆ ಸುಲಿದು, ಸೀಳಿ ನಿಮ್ಮ ಮುಂದೆ ಹಿಡಿದು, “ಮೂಸಿ ನೋಡ್ರಿ ಸಾಹೇಬ್ರ, ವಾಸನಿ ಇಲ್ಲ, ಬಣ್ಣ ಅಷ್ಟ ಕೆಟ್ಟೈತಿ” ಎಂದಳು. ನೀವು ಮೂಗಿಗೆ ಕರವಸ್ತ್ರ ಹಿಡಿದು ಸಹಿ ಹಾಕಿದಿರಿ. ಮೂಗು ಮುಚ್ಚಿಕೊಂಡು ವಾಸನೆ ಕಂಡುಹಿಡಿಯುವ ವಿದ್ಯೆ ಯಾವ ಕಾಲೇಜಿನಲ್ಲಿ ಕಲಿಸುತ್ತಾರೆ?

ಆಮೇಲೆ ಸಿಂದಗಿಯಲ್ಲಿ ಸಿಕ್ಕ ಪಶುವೈದ್ಯರೊಬ್ಬರು ಬಿಡಿಸಿ ಹೇಳಿದರು. ಹತ್ತಿಕಾಳಿನಲ್ಲಿ ಗಾಸಿಪಾಲ್ ಎಂಬ ಅಂಶವಿದೆ. ಮೆಲುಕು ಹಾಕುವ ಎಮ್ಮೆಯ ಹೊಟ್ಟೆ ಅದನ್ನು ತಾಳಿಕೊಳ್ಳುತ್ತದೆ, ಕೋಳಿಗೆ ಆ ಶಕ್ತಿಯಿಲ್ಲ. ಅದು ಮೊಟ್ಟೆಗೆ ಇಳಿದರೆ, ಮೊಟ್ಟೆಯನ್ನು ಹೆಚ್ಚು ದಿನ ಇಟ್ಟಷ್ಟೂ ಹಳದಿಯ ಬಣ್ಣ ಕೆಡುತ್ತದೆ. ಅದು ಕೊಳೆತದ್ದಲ್ಲ. ನಿಮಗೆ ಇದು ಗೊತ್ತಿರಲಿಲ್ಲವೋ, ಗೊತ್ತಿದ್ದೂ ಸುಮ್ಮನಿದ್ದಿರೋ? ಮೊನ್ನೆ ಆಲಮೇಲದ ಹೆಣ್ಣುಮಕ್ಕಳಿಗೂ ಅದೇ ಪಾಠ ಹೇಳಿದಿರಂತೆ. ಸಿಟ್ಟು ನೆತ್ತಿಗೇರಿದ್ದು ಆಗಲೇ.

ವರದಿಯನ್ನು ಹಿಂದಕ್ಕೆ ತೆಗೆದುಕೊಳ್ಳಿ. ತರಬೇತಿಯಲ್ಲಿ ಆ ಸಲಹೆ ನಿಲ್ಲಿಸಿ. ಶಾಲೆಯ ಪ್ರಾರ್ಥನೆಯ ಹೊತ್ತಿಗೆ ಬಂದು, ತಪ್ಪು ನಿಮ್ಮದೆಂದು ಎಲ್ಲರೆದುರು ಹೇಳಿ. ಬರದಿದ್ದರೆ ನಿಮ್ಮ ಪ್ರತಿ ತರಬೇತಿಗೂ ನಾನೇ ಬರುತ್ತೇನೆ, ಹೊರಗೆ ಹಾಕಿಸಿದರೆ ಬಾಗಿಲಲ್ಲಿ ನಿಂತು ಮಾತಾಡುತ್ತೇನೆ. ನನ್ನ ಮಗಳು ವಿಜಯಶ್ರೀ ಅದೇ ಶಾಲೆಯಲ್ಲಿ ಐದನೆಯ ಇಯತ್ತೆ. “ಅವ್ವಾ, ನಮ್ಮ ತತ್ತಿ ಖರೇನ ಕೊಳತಿದ್ವೇನು?” ಎಂದು ಕೇಳಿದಳು. ಇಲ್ಲ ಎಂದೆ. ಅವಳು ನಂಬಲಿಲ್ಲ, ಸಾಹೇಬರೇ. ಸಹಿ ಹಾಕಿದವರು ನೀವು. ಬಂದು ಅವಳಿಗೆ ಹೇಳಿ.

ಇಂತಿ,
ನಿಮ್ಮ ಕೈಯಿಂದಲೇ ‘ಉತ್ತಮ ಶಿಬಿರಾರ್ಥಿ’ ಪ್ರಮಾಣಪತ್ರ ಪಡೆದ
ಇಂದುಬಾಯಿ ತಳವಾರ, ಮೋರಟಗಿ