ಆಯುಧಪೂಜೆಯ ಹದಿನೆಂಟು ನಿಮಿಷ

ಮೀಟರಿಗೆ ಪೂಜೆ ಗೊತ್ತಾಗುವುದಿಲ್ಲ ಎಂದು ನನಗೆ ತಿಳಿಸಿಕೊಟ್ಟ ಮಾನ್ಯ ವಿದ್ಯುತ್ ಅಧಿಕಾರಿಗಳೇ,

ನಾನು ಸಿಂಗಸಂದ್ರದಲ್ಲಿ ಹಿಟ್ಟಿನ ಗಿರಣಿ ನಡೆಸುವವಳು. ಅಕ್ಟೋಬರ್ ತಿಂಗಳ ಬಿಲ್ಲಿನಲ್ಲಿ ನೀವು ಹಾಕಿರುವ ‘ಹೆಚ್ಚುವರಿ ಲೋಡಿನ ದಂಡ’ವನ್ನಾಗಲಿ, ಅದರ ಬೆನ್ನಿಗೇ ಬಂದ ನೋಟಿಸನ್ನಾಗಲಿ ನಾನು ಒಪ್ಪುವುದಿಲ್ಲ. ಮುಂದಿನ ಶನಿವಾರದೊಳಗೆ ಠೇವಣಿ ಕಟ್ಟಿ ಲೋಡ್ ಹೆಚ್ಚಿಸಿಕೊಳ್ಳಬೇಕು, ಇಲ್ಲವೇ ಮೂರು ಮೋಟಾರುಗಳಲ್ಲಿ ಒಂದನ್ನು ಬಿಚ್ಚಿಡಬೇಕು ಎಂದು ನೋಟಿಸು ಹೇಳುತ್ತದೆ. ಎರಡು ಅರ್ಜಿ ಕೊಟ್ಟೆ. ಎರಡೂ ‘ಪರಿಶೀಲನೆಯಲ್ಲಿವೆ’. ಶನಿವಾರ ಮಾತ್ರ ಯಾವ ಪರಿಶೀಲನೆಗೂ ಕಾಯದೆ ಬರುತ್ತಿದೆ. ಅದಕ್ಕೇ ಎಲ್ಲರೂ ಓದುವಂತೆ ಇದನ್ನು ಬರೆಯುತ್ತಿದ್ದೇನೆ.

ನಮ್ಮಲ್ಲಿ ರಾಗಿಗೊಂದು, ಜೋಳಕ್ಕೊಂದು, ಮೆಣಸಿನಕಾಯಿಗೊಂದು ಯಂತ್ರವಿದೆ. ಮಂಜೂರಾದ ಲೋಡು ಹತ್ತು ಎಚ್.ಪಿ. ಹನ್ನೊಂದು ವರ್ಷದ ಹಿಂದೆ ಸಂಪರ್ಕ ಕೊಡಲು ಬಂದಿದ್ದ ನಿಮ್ಮ ಇಲಾಖೆಯವರೇ, ಎರಡು ಓಡುವಾಗ ಮೂರನೆಯದು ಸುಮ್ಮನಿದ್ದರೆ ಸಾಕು ಎಂದಿದ್ದರು. ‘ಒಮ್ಮೆಗೆ ಎರಡೇ’ ಎಂದು ಅಂದೇ ಸ್ವಿಚ್ಚಿನ ಮೇಲೆ ಬರೆದು ಅಂಟಿಸಿದೆ. ಭಾನುವಾರ ಗಿರಾಕಿಗಳ ಸಾಲು ರಸ್ತೆಯವರೆಗೆ ಹೋದರೂ, ಜನ ಬೈದರೂ, ಆ ಮಾತು ತಪ್ಪಿಲ್ಲ. ವರ್ಷದಲ್ಲಿ ಒಂದೇ ದಿನ ತಪ್ಪುತ್ತದೆ. ಅದು ಆಯುಧಪೂಜೆ.

ಅಂದು ನಮ್ಮಲ್ಲಿ ವ್ಯಾಪಾರವಿಲ್ಲ. ಯಂತ್ರ ತೊಳೆದು, ಹೂವು ಮುಡಿಸಿ, ಮೂರಕ್ಕೂ ಒಂದೊಂದು ಸೇರು ಹಾಕಿ, ಮೂರನ್ನೂ ಒಟ್ಟಿಗೆ ಓಡಿಸಿ ಆರತಿ ಎತ್ತುತ್ತೇವೆ. ಆ ಹಿಟ್ಟು, ಆ ಖಾರದ ಪುಡಿ ಓಣಿಯವರಿಗೆಲ್ಲ ಪ್ರಸಾದ. ಆರತಿ ಎತ್ತುವವರು ಕಟ್ಟಡದ ಒಡತಿ ಚಿಕ್ಕಮುನಿಯಮ್ಮ. ಒಂದೊಂದಾಗಿ ಓಡಿಸೋಣವೇ ಎಂದು ನಾನು ಮೊದಲ ವರ್ಷವೇ ಕೇಳಿದ್ದೆ. “ಒಂದ್ನ ಬುಟ್ಟು ಒಂದ್ಕೆ ಎತ್ತುದ್ರೆ ಮುನಿಸ್ಕತ್ತವೆ ಕಣಮ್ಮ. ಸೊಸೇರಿಗೆ ಸೀರೆ ತಂದಂಗೆ, ಎಲ್ಲಾರ್ಗೂ ಒಂದೇ ಕಿತ,” ಎಂದಿದ್ದರು. ಈಗ ಅವರಿಗೆ ಮಂಡಿನೋವು. ಈ ಸಲ ಮೂರು ಯಂತ್ರ ಸುತ್ತಿ ಬರಲು ಹದಿನೆಂಟು ನಿಮಿಷ ಹಿಡಿಯಿತು.

ಹಳೆಯ ಮೀಟರಿಗೆ ಇಂಥ ನೆನಪುಗಳಿರಲಿಲ್ಲ. ಕಳೆದ ಚಳಿಗಾಲದಲ್ಲಿ ನೀವು ಕೂರಿಸಿದ ಹೊಸ ಮೀಟರು ಮಾತ್ರ ತಿಂಗಳಲ್ಲಿ ಅತಿ ಹೆಚ್ಚು ಲೋಡು ಎಳೆದ ಕಾಲುಗಂಟೆಯನ್ನು ಹುಡುಕಿ ಎತ್ತಿಡುತ್ತದಂತೆ. ಹೀಗಾಗಿ ಮೂರೂ ಓಡಿದ ಆ ಹೊತ್ತಿನ ಹದಿನಾಲ್ಕು ಎಚ್.ಪಿ. ದಾಖಲಾಯಿತು. ನಾನು ಕವಿತೆ ಓದುವವಳು. ಒಂದೇ ಒಂದು ಸಾಲಿಗಾಗಿ ಇಡೀ ಕವಿತೆಯನ್ನು ನೆನಪಿಟ್ಟುಕೊಳ್ಳುವುದು ನನಗೆ ಗೊತ್ತು. ಆದರೆ ಒಂದು ಕಾಲುಗಂಟೆಗಾಗಿ ಇಡೀ ತಿಂಗಳನ್ನು ಅಪರಾಧಿ ಮಾಡುವ ಓದು ಎಂಥದು? ಅಂದು ನಾವು ಆ ಮೀಟರಿಗೂ ಕುಂಕುಮ ಹಚ್ಚಿ ಚೆಂಡುಹೂವು ಸಿಕ್ಕಿಸಿದ್ದೆವು. ಸಾಕ್ಷಿ ಹೇಳುವವನಿಗೆ ನಾವೇ ಹಾರ ಹಾಕಿದ್ದೆವು.

ಇದನ್ನೆಲ್ಲ ನಿಮ್ಮ ಕಚೇರಿಯಲ್ಲಿ ಹೇಳಿಕೊಂಡೆ. “ಮೇಡಂ, ಮೀಟರ್‌ಗೆ ಪೂಜೆ ಗೀಜೆ ಗೊತ್ತಾಗಲ್ಲ. ರೆಕಾರ್ಡ್ ಆಗಿದೆ ಅಂದ್ರೆ ಆಗಿದೆ,” ಎಂದಿರಿ. ಸತ್ಯವೇ. ಆದರೆ ನೀವು ಹಾಗೆನ್ನುವಾಗ ಕಚೇರಿಯ ಬಾಗಿಲಿಗೆ ಕಟ್ಟಿದ್ದ ಬಾಳೆಕಂದು ಇನ್ನೂ ಒಣಗುತ್ತಿತ್ತು. ನನ್ನ ನೋಟಿಸನ್ನು ಮುದ್ರಿಸಿಕೊಟ್ಟ ಯಂತ್ರದ ಮೇಲೆ ಮೂರು ಪಟ್ಟೆ ವಿಭೂತಿಯಿತ್ತು. ನಿಮ್ಮ ಯಂತ್ರಕ್ಕೆ ಗೊತ್ತಾಗುವ ಪೂಜೆ ನಮ್ಮ ಮೀಟರಿಗೆ ಮಾತ್ರ ಏಕೆ ಗೊತ್ತಾಗಬಾರದು?

ಹದಿನಾಲ್ಕರ ಲೆಕ್ಕದಲ್ಲಿ ಪ್ರತಿ ತಿಂಗಳೂ ಕಟ್ಟುವ ಶಕ್ತಿ ನನಗಿಲ್ಲ. ಹಾಗಾಗಿ ಬಿಚ್ಚಬೇಕಾದದ್ದು ಜೋಳದ ಮೋಟಾರು. ರಾಗಿ ಊರಿನವರದು, ಖಾರದ ಪುಡಿಯಿಂದ ಕಟ್ಟಡದ ಬಾಡಿಗೆ ಹುಟ್ಟುತ್ತದೆ. ಜೋಳ ತರುವವರು ಬಾಡಿಗೆ ಕೋಣೆಗಳಲ್ಲಿರುವ ಉತ್ತರ ಕರ್ನಾಟಕದ ಕೂಲಿಯವರು. ಒಬ್ಬೊಬ್ಬರದು ಎರಡೇ ಕಿಲೋ. ಜೋಳ ಬೀಸುವ ಆ ಕಲ್ಲನ್ನು ನೋಡಿಕೊಳ್ಳುವವಳು ರಾಯಚೂರಿನ ಕಡೆಯ ಬಸಕ್ಕ. ಬೀಳುವ ಹಿಟ್ಟನ್ನು ಎರಡು ಬೆರಳ ನಡುವೆ ಉಜ್ಜಿ, ರೊಟ್ಟಿ ಬಡಿದರೆ ಒಡೆಯುತ್ತದೋ ಇಲ್ಲವೋ ಹೇಳಬಲ್ಲಳು. ಮೋಟಾರು ಹೋದರೆ ಅವಳಿಗೆ ಕೊಡಲು ನನ್ನಲ್ಲಿ ಕೆಲಸವಿಲ್ಲ, ಸಂಬಳವೂ ಇಲ್ಲ. ನೋಟಿಸು ಓದಿ ಹೇಳಿದಾಗ ಅವಳು ಮೀಟರಿನ ಕಡೆ ನೋಡಿದಳು. “ಅಕ್ಕಾರ, ಮುಂದಿನ ವರ್ಷ ಇವಂಗ ಕುಂಕುಮ ಹಚ್ಚಬ್ಯಾಡ್ರಿ,” ಎಂದು ನಕ್ಕಳು. ಆಮೇಲೆ, ಯಾವತ್ತಿನಿಂದ ಬರುವುದು ಬೇಡ ಎಂದು ಕೇಳಿದಳು. ನಾನು ಉತ್ತರ ಕೊಟ್ಟಿಲ್ಲ.

ಆ ಹದಿನೆಂಟು ನಿಮಿಷಗಳನ್ನು ಕೈಬಿಟ್ಟು ದಂಡ ರದ್ದುಮಾಡಿ, ನೋಟಿಸನ್ನು ಹಿಂಪಡೆಯಬೇಕು ಎಂಬುದು ನನ್ನ ಬೇಡಿಕೆ. ನೀವು ಹಾಗೆ ಮಾಡುವಿರೆಂಬ ಭ್ರಮೆ ನನಗಿಲ್ಲ. ಮಾಡಲಾಗದಿದ್ದರೆ ಇನ್ನೊಂದು ಚಿಕ್ಕ ಬೇಡಿಕೆಯಿದೆ. ಶನಿವಾರ ಬೆಳಿಗ್ಗೆ ಮೋಟಾರು ಬಿಚ್ಚಲು ಮೆಕ್ಯಾನಿಕ್ ಬರುವ ಮುಂಚೆ ನೀವೇ ಒಮ್ಮೆ ಗಿರಣಿಗೆ ಬನ್ನಿ. ಎಂಟಕ್ಕೆಲ್ಲ ಬಸಕ್ಕ ಕಲ್ಲು ಗುಡಿಸುತ್ತಿರುತ್ತಾಳೆ. ಅವಳ ಪ್ರಶ್ನೆಗೆ ಉತ್ತರವನ್ನು ನೀವೇ ಹೇಳಿಬಿಡಿ.

ಇಂತಿ,
ವರ್ಷಕ್ಕೆ ಹದಿನೆಂಟು ನಿಮಿಷ ಅಳತೆ ಮೀರಿದ,
ಯಮುನಾ, ಎಂ.ಎ.
ಶನಿವಾರದಿಂದ ಎರಡೇ ಯಂತ್ರಗಳ ಗಿರಣಿ, ಸಿಂಗಸಂದ್ರ