ಸಹಿ ಹಾಕದ ಕಾಗದ

ಜೂನ್ ೧೪, ಮಂಗಳವಾರ

ವೈರಸ್ ಮಾದರಿ ಕಳಿಸುವ ಕಾಗದಕ್ಕೆ ಇವತ್ತು ನಾನು ಸಹಿ ಹಾಕಲಿಲ್ಲ. ಹದಿನೆಂಟು ವರ್ಷದ ಲ್ಯಾಬ್ ಕೆಲಸದಲ್ಲಿ ಇದೇ ಮೊದಲು.

ಹೋದ ವರ್ಷ ಈ ವೈರಸ್ಸಿನ ಜ್ವರ ನಮ್ಮೂರಲ್ಲಿ ಮೊದಲು ಹಿಡಿದದ್ದು ನರ್ಸ್ ಆಗಿರುವ ಅಕ್ಕನನ್ನೇ. ಅವಳ ಗಂಟಲಿನಿಂದ ಮಾದರಿ ತೆಗೆದು ಹೊರದೇಶಕ್ಕೆ ಕಳಿಸಿದವಳು ನಾನು. ಅದರಿಂದಲೇ ಅಲ್ಲಿನ ಕಂಪನಿಯವರು ಲಸಿಕೆ ಮಾಡಿದರು. ಅಕ್ಕ ಹೇಗೋ ಉಳಿದುಕೊಂಡಳು. ಲಸಿಕೆ ಮಾತ್ರ ಇಲ್ಲಿಗೆ ಬಂದಿಲ್ಲ. ನಮ್ಮ ಸರದಿ ಮುಂದಿನ ವರ್ಷವಂತೆ. ಅಷ್ಟರಲ್ಲಿ ಅವಳ ವಾರ್ಡಿನ ಇಬ್ಬರು ನರ್ಸುಗಳು ತೀರಿಕೊಂಡರು.

ಈಗ ವೈರಸ್ ರೂಪ ಬದಲಿಸಿದೆ, ಅವರಿಗೆ ಹೊಸ ಮಾದರಿ ಬೇಕಂತೆ.

"ಲಸಿಕೆಲಿ ನಮಗೂ ಪಾಲು ಕೊಡ್ತೀವಿ ಅಂತ ಮೊದ್ಲು ಬರೆದುಕೊಡ್ಲಿ ಸರ್," ಎಂದೆ.

ಲ್ಯಾಬ್ ಮುಖ್ಯಸ್ಥರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. "ಅದಕ್ಕೆ ತಿಂಗಳುಗಟ್ಲೆ ಆಗತ್ತಮ್ಮ. ಹೊಸ ಲಸಿಕೆ ತಡ ಆದ್ರೆ ಸಾಯೋರು ನಮ್ಮೋರೇ ಅಲ್ವಾ?"

ಕಾಗದವನ್ನು ಅವರ ಮೇಜಿನ ಮೇಲೇ ಬಿಟ್ಟು ಎದ್ದು ಬಂದುಬಿಟ್ಟೆ.

ಊಟಕ್ಕೆ ಕೂತಾಗ ಅಕ್ಕನಿಗೆ ಹೇಳಿದೆ. ಬೆನ್ನು ತಟ್ಟುತ್ತಾಳೆ ಅಂದುಕೊಂಡಿದ್ದೆ. ಅವಳು ತಟ್ಟೆಯಿಂದ ತಲೆಯೆತ್ತಲಿಲ್ಲ. "ಇವತ್ತು ಇದೇ ಜ್ವರಕ್ಕೆ ಒಬ್ಬ ಬಸುರಿ ಅಡ್ಮಿಟ್ ಆದ್ಲು ಕಣೇ. ನನ್ ತಂಗಿ ಹಟ ಹಿಡಿದಿದಾಳೆ, ತಡ್ಕೊಳಮ್ಮ ಅನ್ಲಾ ಅವಳಿಗೆ?"

ತಟ್ಟೆ ತೊಳೆಯುವಾಗ ಅವಳೇ ಅಂದಳು: "ಕಳಿಸು. ಆದ್ರೆ ಬಾಯಿ ಮುಚ್ಕೊಂಡು ಕಳಿಸ್ಬೇಡ. ಸತ್ತೋರಿಬ್ಬರ ಹೆಸರೂ ಬರೆದು ಕಳಿಸು."

ಬೆಳಿಗ್ಗೆ ಸಹಿ ಹಾಕುತ್ತೇನೆ. ಜೊತೆಗಿಡುವ ಪತ್ರದಲ್ಲಿ ಇಬ್ಬರ ಹೆಸರು ಬರೆದಾಯಿತು. ಲಸಿಕೆ ಕೇಳುವ ಸಾಲಿಗೆ ಬಂದಾಗ ಕೈ ತಾನಾಗಿ 'ದಯವಿಟ್ಟು' ಎಂದು ಬರೆಯಿತು. ಹೊಡೆದುಹಾಕಿದೆ. ಮತ್ತೆ ಅದನ್ನೇ ಬರೆದೆ.