ಸೌನಾದ ಗೋಡೆಗೆ ಒರಗಿಸಿಟ್ಟ ಬೇಸ್ ಗಿಟಾರು

ಇಲ್ತಾ,

ಕಾಗದದ ಕಾರ್ಖಾನೆಗೆ ಬೆಳಗಿನ ಪಾಳಿಗೆ ಹೊರಟೆ. ಕಾಫಿ ಫ್ಲಾಸ್ಕಿನಲ್ಲಿದೆ.

ಬೇಸ್ ಗಿಟಾರನ್ನು ಸೌನಾದ ಗೋಡೆಗೆ ಒರಗಿಸಿಟ್ಟು ಹೋದವಳು ನೀನೇ ತಾನೆ? ಶನಿವಾರ ಹಬೆಸ್ನಾನಕ್ಕೆಂದು ಅಲ್ಲಿ ಒಲೆ ಹಚ್ಚುತ್ತೇವೆಂದು ಈ ಮನೆಯ ಬೆಕ್ಕಿಗೂ ಗೊತ್ತು. ಕಾವಿಗೆ ಅದರ ಕತ್ತು ಬಿಲ್ಲಿನಂತೆ ಬಾಗಿತ್ತು.

ಕತ್ತಿನೊಳಗಿನ ಸರಳನ್ನು ದಿನಕ್ಕೆ ಕಾಲು ಸುತ್ತಿನಂತೆ ಬಿಗಿದು ನೆಟ್ಟಗೆ ಮಾಡಿದ್ದೇನೆ. ನಿಮ್ಮ ಮೆಟಲ್ ಸಂಗೀತದ ತಂಡಕ್ಕೆಂದು ಶ್ರುತಿಯನ್ನು ಅಷ್ಟು ಕೆಳಗಿಳಿಸಿದರೆ ಹಳೆಯ ತಂತಿಗಳು ಬಟ್ಟೆ ಒಣಹಾಕುವ ಹಗ್ಗದಂತೆ ಜೋಲುತ್ತವೆ. ದಪ್ಪನೆಯವನ್ನು ಹಾಕಿ, ಅವು ಕೂರುವ ಕಚ್ಚುಗಳನ್ನು ಅರದಿಂದ ಅಗಲಿಸಿದ್ದೇನೆ. ಇನ್ನು ಸರಳನ್ನು ಮುಟ್ಟಬೇಡ. "ಒಂಚೂರು ತಿರುಗಿಸಿದ್ರೆ ಏನಾಗುತ್ತಪ್ಪ" ಅಂತ ಶುರುಮಾಡಬೇಡ.

ನಿನ್ನೆ ಸಂಜೆ ಸೌನಾದ ಹೊರಕೋಣೆಯಲ್ಲಿ ಸ್ಪೀಕರಿಗೆ ಜೋಡಿಸಿ, ಎಲ್ಲಕ್ಕಿಂತ ದಪ್ಪ ತಂತಿಯನ್ನು ಒಮ್ಮೆ ಮೀಟಿದೆ. ಅಜ್ಜಿ ಬೆಂಚಿನ ಮೇಲೆ ಕೂತು ಕಾಲುಚೀಲ ಹೆಣೆಯುತ್ತಿದ್ದಳು. ಹನ್ನೊಂದು ವರ್ಷದಿಂದ ಗುಡುಗೂ ಕೇಳಿಸದವಳು ಕಡ್ಡಿಗಳನ್ನು ಕೆಳಗಿಟ್ಟು, ಹಲಗೆಯ ಮೇಲೆ ಎರಡೂ ಅಂಗೈ ಊರಿದಳು.

"ಇನ್ನೊಂದ್ಸಲ ಬಾರ್ಸೋ, ಟೌನೊ," ಅಂದಳು.

ಬಾರಿಸಿದೆ. ವಸಂತದಲ್ಲಿ ಕೆಮಿ ನದಿಯ ಹಿಮಗಡ್ಡೆ ಬಿರಿಯುವಾಗ ದಡದಲ್ಲಿ ನಿಂತವರ ಕಾಲಡಿ ನಡುಗುತ್ತದಲ್ಲ, ಹಾಗೆಯೇ ಬೆಂಚು ನಡುಗಿತು. ಅಜ್ಜಿ ಕಣ್ಣು ಮುಚ್ಚಿಕೊಂಡಳು. ಇದನ್ನೇ ನಾನು ಗದ್ದಲ ಅನ್ನುತ್ತಿದ್ದೆ.

ನಿನ್ನ ಅಭ್ಯಾಸ ಮಧ್ಯಾಹ್ನಕ್ಕೆ ಅಂತ ಎಷ್ಟು ಸಲ ಬರೆದು ತೋರಿಸಿದರೂ ಒಪ್ಪದೆ, ಅವಳು ಆಗಲೇ ಹೋಗಿ ಆ ಬೆಂಚಿನ ಮೇಲೆ ಕೂತಿದ್ದಾಳೆ.

ಸದ್ದು ಕಡಿಮೆ ಮಾಡಬೇಡ.

ಅಪ್ಪ